ಸೋಲದ ತಂಡಕ್ಕೆ ಫೈನಲ್ ಬಾಗಿಲು ಯಾಕೆ ಮುಚ್ಚಿತ್ತು?

ಪ್ರಶ್ನೆ: ನಾವು ಫ್ಲಾರಿಡಾದ ಒರ್ಲಾಂಡೊದಲ್ಲಿ ಇದ್ದೇವೆ. ಮಗ ಇಲ್ಲಿನ ಯೂನಿವರ್ಸಿಟಿ ಆಫ್ ಸೆಂಟ್ರಲ್ ಫ್ಲಾರಿಡಾದಲ್ಲಿ, ಅಂದರೆ ಯುಸಿಎಫ್‌ನಲ್ಲಿ ಓದುತ್ತಿದ್ದಾನೆ. 2017ರಲ್ಲಿ ತಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಒಂದೂ ಪಂದ್ಯ ಸೋಲಲಿಲ್ಲ, ಹಾಗಾಗಿ ಆ ವರ್ಷದ ಚಾಂಪಿಯನ್ ತಾವೇ ಎಂದು ವಾದ ಮಾಡುತ್ತಾನೆ. ನನ್ನ ಆಫೀಸಿನವರು ಇದನ್ನು ಕೇಳಿ ನಗುತ್ತಾರೆ. ಸರ್, ಯಾರ ಮಾತು ಸರಿ?

ಉತ್ತರ: ಚಾಂಪಿಯನ್ ಆಗಿದ್ದರಾ ಅನ್ನುವುದು ಒಂದು ಪ್ರಶ್ನೆ. ಚಾಂಪಿಯನ್ ಆಗುವ ಅವಕಾಶ ಅವರಿಗೆ ಸಿಗಬೇಕಿತ್ತಾ ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ನಿಮ್ಮ ಆಫೀಸಿನವರ ಮಾತನ್ನು ಅರ್ಧ ಒಪ್ಪುತ್ತೇನೆ. ಎರಡನೆಯದರಲ್ಲಿ ನಾನು ಪೂರ್ತಿ ನಿಮ್ಮ ಮಗನ ಕಡೆ.

ಊರಲ್ಲಿರುವ ಓದುಗರಿಗೆ ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಇದು ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕನ್ ಫುಟ್‌ಬಾಲ್. ಮೇಲಿನ ದರ್ಜೆಯಲ್ಲೇ 130ರಷ್ಟು ಕಾಲೇಜುಗಳಿವೆ. ಒಂದೊಂದು ತಂಡಕ್ಕೆ ಸೀಸನ್‌ನಲ್ಲಿ ಸಿಗುವುದು ಸುಮಾರು ಹನ್ನೆರಡು ಪಂದ್ಯ ಮಾತ್ರ. ಹಾಗಾಗಿ ಹೆಚ್ಚಿನ ತಂಡಗಳು ಒಂದಕ್ಕೊಂದು ಎದುರಾಗುವುದೇ ಇಲ್ಲ. 2014ರಿಂದ 2023ರವರೆಗೆ 13 ಜನರ ಒಂದು ಸಮಿತಿ ಕೂತು, ನಾಲ್ಕು ತಂಡಗಳನ್ನು ಆರಿಸಿ ಸೆಮಿಫೈನಲ್‌ಗೆ ಕಳಿಸುತ್ತಿತ್ತು.

ಈಗ ಯುಸಿಎಫ್ ಕಥೆಗೆ ಬರೋಣ. 2015ರಲ್ಲಿ ಆ ತಂಡ ಆಡಿದ ಹನ್ನೆರಡೂ ಪಂದ್ಯ ಸೋತಿತ್ತು. ಆಮೇಲೆ ಕೋಚ್ ಆಗಿ ಸ್ಕಾಟ್ ಫ್ರಾಸ್ಟ್ ಬಂದರು. ಎರಡೇ ವರ್ಷದಲ್ಲಿ ಅದೇ ತಂಡ ಹನ್ನೆರಡಕ್ಕೆ ಹನ್ನೆರಡು ಗೆದ್ದಿತು. ತಂಡದಲ್ಲಿ ಶಕೀಮ್ ಗ್ರಿಫಿನ್ ಎಂಬ ಆಟಗಾರ ಇದ್ದರು. ನಾಲ್ಕು ವರ್ಷದ ಮಗುವಾಗಿದ್ದಾಗಲೇ ಎಡಗೈ ಕಳೆದುಕೊಂಡವರು. ಒಂದೇ ಕೈಯಲ್ಲಿ ಎದುರಾಳಿಗಳನ್ನು ಕೆಡವುತ್ತಿದ್ದ ಅವರ ಆಟ ನೋಡಿದವರು ಅದನ್ನು ಮರೆಯಲಾರರು. ಇಷ್ಟೆಲ್ಲ ಆದರೂ ಸಮಿತಿ ಈ ತಂಡಕ್ಕೆ ಕೊಟ್ಟ ಸ್ಥಾನ 12. ಸೋತ ತಂಡಗಳು ಸಾಲಾಗಿ ಇವರ ಮೇಲೆ ಕೂತಿದ್ದವು. ಯುಸಿಎಫ್ ಆಗ ಆಡುತ್ತಿದ್ದ ಕಾನ್ಫರೆನ್ಸ್, ಅಂದರೆ ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಗುಂಪು, ಸಣ್ಣದು, ಎದುರಾಳಿಗಳು ದುರ್ಬಲ ಎಂಬುದೇ ಕಾರಣ.

2018ರ ಜನವರಿ 1ರಂದು ಅಟ್ಲಾಂಟಾದಲ್ಲಿ, ಸೀಸನ್ ಮುಗಿದ ಮೇಲೆ ನಡೆಯುವ ಪೀಚ್ ಬೌಲ್ ಎಂಬ ಪಂದ್ಯದಲ್ಲಿ ಯುಸಿಎಫ್‌ಗೆ ಆಬರ್ನ್ ಎದುರಾಯಿತು. 34-27ರಿಂದ ಯುಸಿಎಫ್ ಗೆದ್ದಿತು. ಈ ಆಬರ್ನ್ ಎಂಥ ತಂಡ ಗೊತ್ತಾ? ಹಿಂದಿನ ನವೆಂಬರ್‌ನಲ್ಲಿ ಜಾರ್ಜಿಯಾವನ್ನೂ ಸೋಲಿಸಿತ್ತು, ಅಲಬಾಮಾವನ್ನೂ ಸೋಲಿಸಿತ್ತು. ಜನವರಿ 8ರ ಫೈನಲ್‌ನಲ್ಲಿ ಆಡಿದವರು ಇದೇ ಜಾರ್ಜಿಯಾ ಮತ್ತು ಅಲಬಾಮಾ! ಓವರ್‌ಟೈಮ್‌ನಲ್ಲಿ ಅಲಬಾಮಾ 26-23ರಿಂದ ಗೆದ್ದಿತು.

ಇವರು ಅವರನ್ನು ಸೋಲಿಸಿದರು, ಅವರು ಇನ್ನೊಬ್ಬರನ್ನು ಸೋಲಿಸಿದರು, ಹಾಗಾಗಿ ಇವರೇ ದೊಡ್ಡವರು ಎಂಬ ಲೆಕ್ಕ ಆಟದಲ್ಲಿ ನಡೆಯುವುದಿಲ್ಲ. ಡಿಸೆಂಬರ್‌ನಲ್ಲಿ ಜಾರ್ಜಿಯಾ ಅದೇ ಆಬರ್ನ್ ಮೇಲೆ 28-7ರಿಂದ ಸೇಡು ತೀರಿಸಿಕೊಂಡಿತ್ತು. ಯುಸಿಎಫ್‌ನ ಡಿಫೆನ್ಸ್ ಕೂಡ ಸೋರುತ್ತಿತ್ತು. ಸೌತ್ ಫ್ಲಾರಿಡಾ ಎದುರು 49-42, ಕಾನ್ಫರೆನ್ಸ್ ಫೈನಲ್‌ನಲ್ಲಿ ಮೆಂಫಿಸ್ ಎದುರು 62-55. ಆ ವರ್ಷದ ಅಲಬಾಮಾ ಎದುರು ಇವರು ಆಡಿದ್ದರೆ ನಾನು ಅಲಬಾಮಾನೇ ಗೆಲ್ಲುತ್ತೆ ಅನ್ನುತ್ತಿದ್ದೆ. ಆದರೆ ಅದು ನನ್ನ ಅಂದಾಜು, ಅಷ್ಟೇ. ಸಮಿತಿಯದ್ದೂ ಅಂದಾಜೇ. ಅಂದಾಜನ್ನು ಮೈದಾನದಲ್ಲಿ ಪರೀಕ್ಷೆ ಮಾಡುವುದಕ್ಕೇ ಅಲ್ವಾ ಪಂದ್ಯ ಇರುವುದು?

ನಮ್ಮವರಿಗೆ ಇದು ಚೆನ್ನಾಗಿ ಅರ್ಥವಾಗಬೇಕು. ಅದೇ 2017ರ ಡಿಸೆಂಬರ್‌ನಲ್ಲಿ ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ರಣಜಿ ಸೆಮಿಫೈನಲ್ ನಡೆಯಿತು. ಕರ್ನಾಟಕಕ್ಕೆ ಗೆಲ್ಲಲು 198 ರನ್ ಬೇಕಿತ್ತು. ಎದುರಿಗಿದ್ದದ್ದು ಅಲ್ಲಿಯವರೆಗೆ ಒಮ್ಮೆಯೂ ಕಪ್ ಗೆದ್ದಿರದ ವಿದರ್ಭ. ರಜನೀಶ್ ಗುರ್ಬಾನಿ ಏಳು ವಿಕೆಟ್ ಕಿತ್ತರು, ನಾವು 5 ರನ್‌ಗಳಿಂದ ಸೋತೆವು. ಆಮೇಲೆ ಇಂದೋರ್‌ನಲ್ಲಿ ವಿದರ್ಭ ದೆಹಲಿಯನ್ನು ಮಣಿಸಿ ಕಪ್ ಎತ್ತಿದ್ದು 2018ರ ಜನವರಿ 1ರಂದು. ಯುಸಿಎಫ್ ಆಬರ್ನ್‌ ಅನ್ನು ಸೋಲಿಸಿದ ಅದೇ ದಿನ. ಆ ಸೀಸನ್ ಶುರುವಾಗುವ ಮುಂಚೆ ಯಾವುದಾದರೂ ಸಮಿತಿ ಕೂತು ನಾಲ್ಕು ಒಳ್ಳೆಯ ತಂಡ ಆರಿಸಿ ಅಂದಿದ್ದರೆ ಮುಂಬೈ, ಕರ್ನಾಟಕ, ದೆಹಲಿ ಅನ್ನುತ್ತಿದ್ದರು. ವಿದರ್ಭದ ಹೆಸರು ಯಾರು ಹೇಳುತ್ತಿದ್ದರು? ಅವರನ್ನು ಕಾಪಾಡಿದ್ದು ಪಾಯಿಂಟ್ಸ್ ಟೇಬಲ್. ಗುಂಪಿನಲ್ಲಿ ಮೇಲೆ ಬಂದರು, ಕ್ವಾರ್ಟರ್‌ಫೈನಲ್‌ಗೆ ಹೋದರು. ಅವರನ್ನು ಒಳಗೆ ಬಿಡಲು ಯಾರೂ ದೊಡ್ಡ ಮನಸ್ಸು ಮಾಡಬೇಕಾಗಿರಲಿಲ್ಲ. ಆ ಸೋಲು ನಮಗೆ ನೋವು ಕೊಟ್ಟಿತು, ನಿಜ. ಅವರಿಗೆ ಅಲ್ಲಿ ಆಡುವ ಹಕ್ಕಿರಲಿಲ್ಲ ಎಂದು ಮಾತ್ರ ಯಾವ ಕನ್ನಡಿಗನೂ ಹೇಳಲಿಲ್ಲ.

ಯುಸಿಎಫ್‌ಗೆ ಅಂಥ ಟೇಬಲ್ ಇರಲಿಲ್ಲ. ಹದಿಮೂರಕ್ಕೆ ಹದಿಮೂರು ಗೆದ್ದು ಸೀಸನ್ ಮುಗಿಸಿದರೂ ಮುಂದೆ ಹೋಗಲು ದಾರಿ ಇರಲಿಲ್ಲ. ಹಾಗಾಗಿ ತಾವೇ ಚಾಂಪಿಯನ್ ಎಂದು ಘೋಷಿಸಿಕೊಂಡರು, ಡಿಸ್ನಿ ವರ್ಲ್ಡ್‌ನಲ್ಲಿ ಮೆರವಣಿಗೆ ಮಾಡಿದರು. ಅದು ಸುಮ್ನೆ ಹೇಳಿದ ಮಾತೂ ಅಲ್ಲ. ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎಯ ದಾಖಲೆ ಪುಸ್ತಕ ಮಾನ್ಯ ಮಾಡುವ ರ‍್ಯಾಂಕಿಂಗ್‌ಗಳಲ್ಲಿ ಒಂದಾದ ಕಾಲಿ ಮ್ಯಾಟ್ರಿಕ್ಸ್ ಆ ವರ್ಷ ಯುಸಿಎಫ್‌ಗೇ ಮೊದಲ ಸ್ಥಾನ ಕೊಟ್ಟಿತು. ಪತ್ರಕರ್ತರ ಎಪಿ ಪಟ್ಟಿಯಲ್ಲಿ ಅವರಿಗೆ ಸಿಕ್ಕಿದ್ದು ಆರನೇ ಸ್ಥಾನ. ಕಪ್ ಅಲಬಾಮಾದ್ದೇ. ಮಗನಿಗೆ ಅದನ್ನು ಒಪ್ಪಿಕೊಳ್ಳಲು ಹೇಳಿ. ಅವಕಾಶ ಕೊಡದೇ ಇದ್ದದ್ದು ಅನ್ಯಾಯ ಎಂಬುದನ್ನು ನೀವು ಒಪ್ಪಿಕೊಳ್ಳಿ.

ಪ್ರಶ್ನೆ: ಸಣ್ಣ ತಂಡಗಳು ದೊಡ್ಡವರ ಜೊತೆ ಜಾಸ್ತಿ ಪಂದ್ಯ ಆಡಿ ತಮ್ಮನ್ನು ಸಾಬೀತು ಮಾಡಬಹುದಲ್ಲ? ದೂರುವುದು ಯಾಕೆ?

ಉತ್ತರ: ಆಡಲು ಅವರು ತಯಾರಿದ್ದಾರೆ, ದೊಡ್ಡವರು ತಯಾರಿಲ್ಲ. ವೇಳಾಪಟ್ಟಿ ವರ್ಷಗಳ ಮುಂಚೆಯೇ ನಿಗದಿ ಆಗಿರುತ್ತದೆ. ದೊಡ್ಡ ಕಾಲೇಜು ಹಣ ಕೊಟ್ಟು ಸಣ್ಣ ತಂಡವನ್ನು ತನ್ನ ಮೈದಾನಕ್ಕೆ ಕರೆಸಿಕೊಳ್ಳುತ್ತದೆ, ಅವರ ಊರಿಗೆ ತಾನು ಹೋಗುವುದು ಅಪರೂಪ. ಬಲವಾದ ಸಣ್ಣ ತಂಡವಾದರೆ ಕರೆಯುವುದೂ ಇಲ್ಲ. ಗೆದ್ದರೆ ದೊಡ್ಡವರಿಗೆ ಲಾಭ ಇಲ್ಲ, ಸೋತರೆ ಮಾನ ಹೋಗುತ್ತದೆ. 2007ರಲ್ಲಿ ಒಂದು ದರ್ಜೆ ಕೆಳಗಿದ್ದ ಅಪಲಾಚಿಯನ್ ಸ್ಟೇಟ್ ತಂಡ ಮಿಷಿಗನ್‌ಗೆ ಹೋಗಿ, ಲಕ್ಷಕ್ಕೂ ಜಾಸ್ತಿ ಜನರ ಎದುರು 34-32ರಿಂದ ಗೆದ್ದಿತ್ತು. ಆ ಭಯ ಇನ್ನೂ ಇದೆ.

ಪ್ರಶ್ನೆ: ನಾನು ಮೈಸೂರಿನವಳು. ಮಗಳು ಅಮೆರಿಕದಲ್ಲಿ ಇರುವುದರಿಂದ ಈ ಆಟ ನೋಡುವ ಅಭ್ಯಾಸ ಆಗಿದೆ. ಈಗ ಸಣ್ಣ ತಂಡಗಳಿಗೂ ಜಾಗ ಸಿಗುತ್ತಿದೆ, ಆದರೆ ಬಂದವರೆಲ್ಲ ದೊಡ್ಡ ಅಂತರದಲ್ಲಿ ಸೋಲುತ್ತಿದ್ದಾರೆ. ಮತ್ತೆ ಯಾಕೆ ಆ ಜಾಗ?

ಉತ್ತರ: ನೀವು ನೋಡಿದ್ದು ನಿಜ ಅಮ್ಮ. 2024ರಿಂದ ಪ್ಲೇಆಫ್, ಅಂದರೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಸುತ್ತುಗಳು, 12 ತಂಡಗಳದ್ದಾಯಿತು. ಆಗಿನ ನಿಯಮದಲ್ಲಿ ಸಮಿತಿಯ ಪಟ್ಟಿಯಲ್ಲಿ ಮೇಲಿರುವ ಐದು ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಜಾಗ ಖಾತ್ರಿ ಇತ್ತು. ಆ ವರ್ಷ ಬಾಯ್ಸಿ ಸ್ಟೇಟ್ ಪೆನ್ ಸ್ಟೇಟ್ ಎದುರು 31-14ರಿಂದ ಸೋತಿತು. 2025ರಲ್ಲಿ ಟುಲೇನ್, ಮಿಸಿಸಿಪ್ಪಿಯ ಓಲ್ ಮಿಸ್ ಎದುರು 41-10ರಿಂದ ಸೋತಿತು. ಜೇಮ್ಸ್ ಮ್ಯಾಡಿಸನ್ ಓರೆಗನ್‌ಗೆ 51 ಅಂಕ ಕೊಟ್ಟಿತು, ತಾನೂ 34 ಹೊಡೆಯಿತು. ಮೊದಲು ಬಾಗಿಲು ತೆರೆದ ಸಿನ್ಸಿನಾಟಿಯೂ 2021ರ ಸೆಮಿಫೈನಲ್‌ನಲ್ಲಿ ಅಲಬಾಮಾಗೆ 27-6ರಿಂದ ಸೋತಿತ್ತು.

ಆದರೆ ದೊಡ್ಡ ಹೆಸರಿನವರ ಲೆಕ್ಕವನ್ನೂ ತೆಗೆಯಿರಿ. ನಾಲ್ಕೇ ತಂಡ ಇದ್ದ ಕಾಲದಲ್ಲಿ ಮಿಷಿಗನ್ ಸ್ಟೇಟ್ 38-0, ಒಹಾಯೊ ಸ್ಟೇಟ್ 31-0, ನೊಟ್ರೆ ಡೇಮ್ 30-3, ಒಕ್ಲಹೋಮ 63-28. ಎಲ್ಲವೂ ಸೆಮಿಫೈನಲ್ ಸೋಲುಗಳೇ. ಆಮೇಲೆ ಒಹಾಯೊ ಸ್ಟೇಟ್‌ಗೆ ಇನ್ನು ಜಾಗ ಬೇಡ ಅಂತ ಯಾರಾದರೂ ಹೇಳಿದರಾ? ಇಲ್ಲ. ಸಣ್ಣವರು ಸೋತರೆ ಮಾತ್ರ ಅವರ ಅರ್ಹತೆಯ ಪ್ರಶ್ನೆ ಬರುತ್ತದೆ. ಇದೇ ನನಗೆ ಬೇಸರ ತರುವ ಸಂಗತಿ.

ಅಂದಾಜನ್ನು ನೆಚ್ಚಿಕೊಂಡರೆ ಕೊನೆಗೆ ದೊಡ್ಡವರಿಗೂ ಏಟು ಬೀಳುತ್ತದೆ. 2023ರಲ್ಲಿ ಫ್ಲಾರಿಡಾ ಸ್ಟೇಟ್ ಹದಿಮೂರೂ ಪಂದ್ಯ ಗೆದ್ದು ಕಾನ್ಫರೆನ್ಸ್ ಚಾಂಪಿಯನ್ ಆಗಿತ್ತು. ತಂಡದ ದಾಳಿಯನ್ನು ಮುನ್ನಡೆಸುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ಕಾಲು ಮುರಿದುಕೊಂಡಿದ್ದರಿಂದ ಈ ತಂಡ ಮೊದಲಿನಂತಿಲ್ಲ ಎಂದು ಸಮಿತಿ ಹೊರಗಿಟ್ಟಿತು. ಒಂದು ಪಂದ್ಯ ಸೋತಿದ್ದ ಅಲಬಾಮಾ ಒಳಗೆ ಹೋಯಿತು. ಟ್ರಾವಿಸ್ ಇಲ್ಲದೆಯೂ ಗೆದ್ದು ತೋರಿಸಿದ ಫ್ಲಾರಿಡಾ ಸ್ಟೇಟ್ ಹುಡುಗರಿಗೆ ಏನು ಹೇಳುವುದು?

ಇನ್ನೊಂದು ವಿಷಯ ಹೇಳಲೇಬೇಕು. 2025ರ ಸೀಸನ್‌ನ ಚಾಂಪಿಯನ್ ಇಂಡಿಯಾನಾ. ದೊಡ್ಡ ಕಾನ್ಫರೆನ್ಸ್‌ನಲ್ಲಿದ್ದರೂ ಸೋಲಿಗೇ ಹೆಸರಾಗಿದ್ದ ಕಾಲೇಜು. 2023ರಲ್ಲಿ ಗೆದ್ದಿದ್ದು ಮೂರೇ ಪಂದ್ಯ. ಆಮೇಲೆ ಕೋಚ್ ಆಗಿ ಬಂದ ಕರ್ಟ್ ಸಿಗ್ನೆಟಿ ಅದಕ್ಕೂ ಮೊದಲು ಇದ್ದದ್ದು ಎಲ್ಲಿ? ಜೇಮ್ಸ್ ಮ್ಯಾಡಿಸನ್‌ನಲ್ಲೇ! ಅಲ್ಲಿಂದ ಕೆಲವು ಆಟಗಾರರೂ ಅವರ ಜೊತೆ ಬಂದರು. ಎರಡನೇ ಸೀಸನ್‌ನಲ್ಲೇ ಹದಿನಾರಕ್ಕೆ ಹದಿನಾರು ಗೆದ್ದು, ಫೈನಲ್‌ನಲ್ಲಿ ಮಯಾಮಿಯನ್ನು 27-21ರಿಂದ ಸೋಲಿಸಿದರು. ಸಣ್ಣ ಕಾಲೇಜಿನಲ್ಲಿ ಚಾಂಪಿಯನ್ ಆಗುವ ಶಕ್ತಿ ಇರುವುದಿಲ್ಲ ಅನ್ನುವವರು ಇದಕ್ಕೆ ಉತ್ತರ ಕೊಡಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಸೋಲದೆ ತನ್ನ ಕಾನ್ಫರೆನ್ಸ್ ಗೆದ್ದ ಪ್ರತಿ ತಂಡಕ್ಕೂ ಪ್ಲೇಆಫ್‌ನಲ್ಲಿ ಜಾಗ ಇರಬೇಕು. ಅಂಥ ತಂಡಗಳು ಯಾವ ವರ್ಷವೂ ಬೆರಳೆಣಿಕೆ ದಾಟುವುದಿಲ್ಲ. ಇದಕ್ಕಾಗಿ ಮೂರು ಪಂದ್ಯ ಸೋತ ದೊಡ್ಡ ಹೆಸರಿನ ತಂಡವೊಂದು ಮನೆಯಲ್ಲಿ ಕೂರಬೇಕಾಗಬಹುದು. ಕೂರಲಿ. ಅವರಿಗೆ ಗೆಲ್ಲಲು ಹನ್ನೆರಡು ಅವಕಾಶ ಸಿಕ್ಕಿದ್ದವು.