ರಾತ್ರಿ ಎಣಿಸಿದರೆ 11, ಹಗಲು ಎಣಿಸಿದರೆ ನೂರು

ಪ್ರಶ್ನೆ: ನಮ್ಮೂರಿನ ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಎನ್‌ಎಸ್‌ಎಸ್ ವಿದ್ಯಾರ್ಥಿಗಳು ಒಂದು ರಾತ್ರಿ ಸುತ್ತಿ, ಮನೆಯಿಲ್ಲದ ಮಕ್ಕಳು 11 ಎಂದರು. ಸ್ಥಳೀಯ ಸಂಸ್ಥೆಯೊಂದು ನೂರು ದಾಟುತ್ತದೆ ಎನ್ನುತ್ತದೆ. ಯಾರನ್ನು ನಂಬಬೇಕು?

ಉತ್ತರ: ಇಬ್ಬರೂ ಸುಳ್ಳು ಹೇಳುತ್ತಿಲ್ಲದಿರಬಹುದು, ಎಣಿಸಿದ್ದು ಬೇರೆ ಬೇರೆ ಮಕ್ಕಳನ್ನು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಬೀದಿ ಮಕ್ಕಳಲ್ಲಿ ಮೂರು ಬಗೆ ಮಾಡಿದೆ: ಒಂಟಿಯಾಗಿ ಬೀದಿಯಲ್ಲಿರುವವರು, ಕುಟುಂಬದೊಡನೆ ಬೀದಿಯಲ್ಲಿರುವವರು, ಹಗಲು ಬೀದಿಯಲ್ಲಿದ್ದು ರಾತ್ರಿ ಕೊಳೆಗೇರಿಯ ಮನೆಗೆ ಮರಳುವವರು. ರಾತ್ರಿ ಸುತ್ತಿದವರಿಗೆ ಮೂರನೆಯ ಬಗೆ ಸಿಗುವುದೇ ಇಲ್ಲ. 2011ರ ಜನಗಣತಿಯೂ ಫೆಬ್ರುವರಿ 28ರ ರಾತ್ರಿ ಎಣಿಸಿ, ದೇಶದಲ್ಲಿ ಸುಮಾರು 17.7 ಲಕ್ಷ ವಸತಿಹೀನರು ಎಂದಿತು. ಹೋಟೆಲಿನ ಶಟರ್ ಎಳೆದ ಮೇಲೆ ಒಳಗೇ ಎರಡು ಬೆಂಚು ಜೋಡಿಸಿ ಮಲಗುವ ಹುಡುಗ ಜನಗಣತಿಯ ‘ವಸತಿಹೀನ’ ವ್ಯಾಖ್ಯೆಗೆ ಬರುವುದಿಲ್ಲ.

ಹಾಗಾಗಿ ಯಾರನ್ನು ಎಣಿಸುತ್ತೀರಿ ಎಂಬುದು ಮೊದಲು ಹಾಳೆಯ ಮೇಲೆ ಬರಲಿ. ‘ಮನೆ ಇದೆಯಾ?’ ಎಂದರೆ ಎಲ್ಲರೂ ಇದೆ ಅನ್ನುತ್ತಾರೆ. ‘ನಿನ್ನೆ ರಾತ್ರಿ ಎಲ್ಲಿ ಮಲಗಿದ್ದೆ? ಮೊನ್ನೆ?’ ಎಂದು ಕೇಳಿ.

ಆಮೇಲೆ ಎರಡು ಸುತ್ತು, ಕೆರೆಯ ಮೀನು ಎಣಿಸುವ ಉಪಾಯದಲ್ಲಿ: ಮೊದಲು ಹಿಡಿದು ಗುರುತು ಹಾಕಿ ಬಿಟ್ಟ ಮೀನುಗಳಲ್ಲಿ ಎಷ್ಟು ಮತ್ತೆ ಬಲೆಗೆ ಬೀಳುತ್ತವೆ ಎಂಬುದರಿಂದ ಒಟ್ಟು ಸಂಖ್ಯೆಯ ಅಂದಾಜು. ಹೆಸರು ಬರೆಯಬೇಡಿ, ಮಗುವಿನ ಹೆಸರಿನ ಮೊದಲಕ್ಷರ, ತಾಯಿಯದ್ದು, ಅಂದಾಜು ವಯಸ್ಸು, ಒಂದು ಗುರುತು, ಇಷ್ಟೇ ಸಂಕೇತ: ‘ಮ-ಲ-11-ಎಡಹುಬ್ಬಿನ ಗಾಯ’. ಮೊದಲ ಸುತ್ತಿನಲ್ಲಿ 40, ವಾರದ ನಂತರ 30, ಎರಡರಲ್ಲೂ ಸಿಕ್ಕವರು 12 ಆದರೆ, 40×30÷12, ಅಂದಾಜು 100. ಸಣ್ಣ ಊರಿನ ತೊಡಕು ಇಲ್ಲೇ. 20 ಮತ್ತು 18 ಮಕ್ಕಳು ಸಿಕ್ಕಿ, ಎರಡರಲ್ಲೂ ಸಿಕ್ಕವರು 3 ಆದರೆ 120. ಒಬ್ಬ ಹೆಚ್ಚಿ 4 ಆದರೆ 90. ಒಂದು ಮಗುವಿನ ಗುರುತು ತಪ್ಪಿದರೆ ಮೂವತ್ತು ಮಕ್ಕಳು ಮಾಯ! ಮೂರು-ನಾಲ್ಕು ಸುತ್ತು ಮಾಡಿ, ಒಂದೇ ಸಂಖ್ಯೆ ಹೇಳದೆ ‘ಇಷ್ಟರಿಂದ ಇಷ್ಟರವರೆಗೆ’ ಎನ್ನಿ.

ಇನ್ನೊಂದು ಎಡವಟ್ಟು ಕಾನೂನಿನೊಂದಿಗೆ ಬರುತ್ತದೆ. ಒಂಟಿ ಮಗು ಕಂಡರೆ ಬಾಲನ್ಯಾಯ ಕಾಯ್ದೆ ಪ್ರಕಾರ 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿ 1098ಕ್ಕೋ ಪೊಲೀಸರಿಗೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಲೇಬೇಕು. ತಿಳಿಸದಿರಲು ಎಣಿಕೆ ನೆಪವಾಗದು. ಆದರೆ ಹಾಗೆ ಕರೆದೊಯ್ದ ಮಕ್ಕಳು ಎರಡನೇ ಸುತ್ತಿಗೆ ಸಿಗುವುದಿಲ್ಲ, ಉಳಿದವರು ಹೆದರಿ ಅಡಗುತ್ತಾರೆ. ಭಾಗಿಸುವ ಸಂಖ್ಯೆ ಇಳಿದು ಅಂದಾಜು ಉಬ್ಬುತ್ತದೆ. ಕರೆದೊಯ್ದವರನ್ನು ಮೊದಲ ಪಟ್ಟಿಯಿಂದ ತೆಗೆದು ಗುಣಿಸಿ, ಕೊನೆಗೆ ಕೂಡಿಸಿ. ಅಡಗಿದವರಿಗೆ ಮಾತ್ರ ಸೂತ್ರವಿಲ್ಲ. ಅವರ ನಂಬಿಕೆ ಗಳಿಸಿದ ಸಂಸ್ಥೆಯ ಕಾರ್ಯಕರ್ತರೇ ಜೊತೆಗಿರಬೇಕು.

18 ತುಂಬಿದವನು ಕಾಯ್ದೆಗೆ ಮಗುವಲ್ಲ. ರಾತ್ರಿ ವಸತಿ ಕೇಂದ್ರದ ರಿಜಿಸ್ಟರಿನಲ್ಲಿ ದೊಡ್ಡವರ ನಡುವೆ ಒಂದು ಸಾಲು, ಅಷ್ಟೆ. 18ರಿಂದ 24ರವರಿಗೆ ಬೇರೆಯೇ ಕಾಲಂ ಹಾಕಿಸಿ.

— ಸಂ.