ಕೊಂಬೆ ನೀವು ನೋಡಿ, ಎತ್ತರ ಅವನು ನೋಡಲಿ

ಎಂಟು ವರ್ಷದ ಮಗ ಮರ ಹತ್ತುತ್ತಾನೆ, ಚಾಕು ಕೊಡು ಎನ್ನುತ್ತಾನೆ, ಜೊತೆಗೆ ಮಾವನವರು ಮೊಮ್ಮಗನಿಗೆ ಕುಮ್ಮಕ್ಕು ಕೊಡುತ್ತಾರೆ ಅಂತ ಒಬ್ಬ ತಾಯಿ ಬರೆದಿದ್ದಾರೆ. ‘ಬಿದ್ದು ಕಲಿಯುವುದಕ್ಕಿಂತ ಬೀಳದೇ ಇರುವುದೇ ಮೇಲಲ್ಲವೇ? ಅಪಾಯ ಇರುವ ಕಡೆ ಬಿಡದಿದ್ದರೆ ಆಯಿತು’ ಅನ್ನುವುದು ಅವರ ವಾದ.

ಸಂಪಾದಕರ ಉತ್ತರ: ತಾಯೀ, ನಿಮ್ಮ ಭಯ ಸುಳ್ಳಲ್ಲ. ಆಳದ ನೀರು, ಕರೆಂಟು, ಗಾಡಿಗಳು ನುಗ್ಗುವ ರಸ್ತೆ, ಇಲ್ಲೆಲ್ಲ ಮಾಡಿ ಕಲಿಯುವ ಮಾತೇ ಬೇಡ. ಅಲ್ಲಿ ನೀವು ಹೇಳಿದ್ದೇ ಸರಿ.

ಆದರೆ ಮರ ಹಾಗಲ್ಲ. ಎತ್ತರ ಮಗುವಿನ ಕಣ್ಣಿಗೆ ಕಾಣುತ್ತದೆ, ಒಳಗೇ ಕೊಳೆತ ಕೊಂಬೆ ಕಾಣುವುದಿಲ್ಲ. ಕೊಂಬೆ ಗಟ್ಟಿ ಇದೆಯಾ ನೋಡುವುದು ನಿಮ್ಮ ಕೆಲಸ. ಎಷ್ಟು ಹತ್ತಿದರೆ ಇಳಿಯಬಹುದು ಅಂತ ಲೆಕ್ಕ ಹಾಕುವುದು ಅವನ ಕೆಲಸ. ಅದನ್ನೂ ನೀವೇ ಕಿತ್ತುಕೊಂಡರೆ ಅವನು ಕಲಿಯುವುದು ಯಾವಾಗ?

ಕ್ಯಾರೆನ್ ಅಡಾಲ್ಫ್ ಎಂಬ ಸಂಶೋಧಕಿ ನಡಿಗೆ ಕಲಿಯುವ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದವರು. 12ರಿಂದ 19 ತಿಂಗಳ ಮಕ್ಕಳು ಆಡುತ್ತಾ ಗಂಟೆಗೆ ಸರಾಸರಿ 2,368 ಹೆಜ್ಜೆ ಹಾಕುತ್ತಾರೆ, 17 ಸಲ ಬೀಳುತ್ತಾರೆ ಅಂತ ಅವರ ತಂಡ 2012ರಲ್ಲಿ ಲೆಕ್ಕ ಕೊಟ್ಟಿತು. ನನಗೆ ಇನ್ನೂ ಹಿಡಿಸಿದ್ದು ಅವರ ಇಳಿಜಾರಿನ ಪ್ರಯೋಗ. ಅಂಬೆಗಾಲಿಟ್ಟು ಪಳಗಿದ ಮಗು ತೀರಾ ಕಡಿದಾದ ಇಳಿಜಾರು ಕಂಡರೆ ನಿಲ್ಲುತ್ತದೆ, ಅದೇ ಮಗು ಎದ್ದು ನಡೆಯಲು ಶುರು ಮಾಡಿದ ಹೊಸತರಲ್ಲಿ ಅದೇ ಇಳಿಜಾರಿಗೆ ನೇರ ಕಾಲಿಡುತ್ತದೆ. (ಹಿಡಿದುಕೊಳ್ಳಲು ಪಕ್ಕದಲ್ಲೇ ಒಬ್ಬರು ಇರುತ್ತಾರೆ, ಗಾಬರಿ ಬೇಡ.) ಪಾಠ ಮತ್ತೆ ಮೊದಲಿಂದ! ಒಂದು ಸಲ ಹೇಳಿಕೊಟ್ಟು ಮುಗಿಸುವ ವಿಷಯ ಇದಲ್ಲ. ಮರಕ್ಕೆ ಬೇರೆ, ಸೈಕಲ್ಲಿಗೆ ಬೇರೆ, ಚಾಕುವಿಗೆ ಬೇರೆ.

ಕಾಪಾಡಲು ಹೋಗಿ ಕಾಲು ಮುರಿಸುವುದೂ ಉಂಟು. ಜಾರುಬಂಡೆಯಲ್ಲಿ ಮಗು ಒಂದೇ ಜಾರಿದರೆ ಹೆದರಿಕೆ ಅಂತ ದೊಡ್ಡವರು ತೊಡೆಯ ಮೇಲೆ ಕೂರಿಸಿಕೊಂಡು ಜಾರುತ್ತಾರೆ. ಮಗುವಿನ ಪಾದ ಅಂಚಿಗೆ ಸಿಕ್ಕಿದರೆ ಇಬ್ಬರ ಭಾರವೂ ಆ ಪುಟ್ಟ ಕಾಲಿನ ಮೇಲೆ ಬಂದು ಮೊಣಕಾಲ ಕೆಳಗಿನ ಮೂಳೆ ಮುರಿಯುತ್ತದೆ. ಮಕ್ಕಳ ವೈದ್ಯರು ಇದರ ಬಗ್ಗೆ ಎಚ್ಚರಿಸುತ್ತಲೇ ಇದ್ದಾರೆ.

1943ರಲ್ಲಿ, ಯುದ್ಧದ ನಡುವೆ, ಕೋಪನ್‌ಹೇಗನ್ನಿನ ಎಮ್‌ಡ್ರಪ್‌ನಲ್ಲಿ ಮಕ್ಕಳಿಗೆ ಹಲಗೆ, ಸುತ್ತಿಗೆ, ಗುಜರಿ ಸಾಮಾನು ಕೊಟ್ಟು ಬೇಕಾದ್ದು ಕಟ್ಟಿಕೊಳ್ಳಿ ಅಂತ ಒಂದು ಆಟದ ಬಯಲನ್ನೇ ಬಿಟ್ಟುಕೊಟ್ಟರು. ಯುದ್ಧದ ಹೊತ್ತಲ್ಲಿ ಮಕ್ಕಳನ್ನು ಅಷ್ಟು ನಂಬಿದ ದೊಡ್ಡವರಿದ್ದರು, ನಾವು ಈಗ ಏನು ಮಾಡುತ್ತಿದ್ದೇವೆ ನೋಡಿ. ಬಿಡುವಿನಲ್ಲಿ ಓಡಬಾರದು ಅನ್ನುವ ಶಾಲೆ, ಉಯ್ಯಾಲೆ ಕಿತ್ತು ಹಾಕಿದ ಪಾರ್ಕು. ಇದರಲ್ಲಿ ಮಕ್ಕಳ ಮೇಲಿನ ಕಾಳಜಿಗಿಂತ ‘ನಾಳೆ ನಮ್ಮನ್ನು ಯಾರೂ ಕೇಳಬಾರದು’ ಅನ್ನೋ ಹೆದರಿಕೆಯೇ ಜಾಸ್ತಿ. ಮಂಡಿ ತರಚಿದರೆ ದೂರು ಬರುತ್ತದೆ. ಮಗು ದಿನವಿಡೀ ಫೋನ್ ಹಿಡಿದು ಮೂಲೆಯಲ್ಲಿ ಕೂತರೆ ಯಾರೂ ದೂರು ಕೊಡುವುದಿಲ್ಲ, ಅಲ್ವಾ? ಹೀಗೆ ಬೆಳೆಸಿ, 18 ತುಂಬಿದ ದಿನ ಕೈಗೆ ಬೈಕಿನ ಕೀ ಕೊಡುತ್ತೇವೆ. ವೇಗ ಎಂದರೇನು ಅಂತ ಅವನು ಮೊದಲ ಸಲ ಕಲಿಯುವುದು ಹೆದ್ದಾರಿಯಲ್ಲಿ. ಇದು ನನ್ನ ನಿದ್ದೆ ಕೆಡಿಸುವ ವಿಷಯ.

ಕೆನಡಾದ ಮಕ್ಕಳ ವೈದ್ಯರ ಸಂಘವೇ 2024ರಲ್ಲಿ ಹೊರಗಿನ ಸಾಹಸದ ಆಟ ಮಕ್ಕಳಿಗೆ ಬೇಕು ಅಂತ ಹೇಳಿಕೆ ಹೊರಡಿಸಿತು. ನಿಮ್ಮ ಮಾವನವರು ಅದನ್ನು ಓದದೆಯೇ ಸರಿಯಾಗಿ ಹೇಳಿದ್ದಾರೆ. ಅವರ ಮೇಲೆ ಸಿಟ್ಟಾಗಬೇಡಿ.

ಮಗ ಮರ ಹತ್ತುವಾಗ ಕೆಳಗೆ ನಿಲ್ಲಿ. ಸುಮ್ನೆ ‘ಜೋಪಾನ, ಜೋಪಾನ’ ಅಂತ ಕೂಗಬೇಡಿ, ಅದರಿಂದ ಅವನಿಗೆ ಏನೂ ತಿಳಿಯುವುದಿಲ್ಲ. ‘ಮುಂದಿನ ಕಾಲು ಎಲ್ಲಿಡ್ತೀಯ? ಇಳಿಯೋದು ಹೇಗೆ?’ ಅಂತ ಕೇಳಿ. ಅವನಿಗೇ ಹತ್ತಲಾಗದ ಕೊಂಬೆಗೆ ಎತ್ತಿ ಕೂರಿಸಬೇಡಿ. ಚಾಕು ಕೊಡಿ, ಪಕ್ಕದಲ್ಲಿ ಕೂತು ಕೊಡಿ, ಮೆತ್ತಗಿನ ಹಣ್ಣಿನಿಂದ ಶುರು ಮಾಡಿಸಿ. ಮೊಂಡು ಚಾಕು ಮಾತ್ರ ಬೇಡ, ಜಾಸ್ತಿ ಒತ್ತಬೇಕಾಗುತ್ತದೆ, ಜಾರುತ್ತದೆ.