ಆಟಕ್ಕೆ ಬೇಡ, ಊಟಕ್ಕೆ ಬೇಕು ಅಂದರೆ ಹೇಗೆ?

ಪ್ರಶ್ನೆ: ನಾನಿರುವುದು ಅಮೆರಿಕದ ಅಟ್ಲಾಂಟಾ ಪಕ್ಕದ ಆಲ್ಫರೆಟ್ಟಾದಲ್ಲಿ. ವಯಸ್ಸು 44. 2009ರಲ್ಲಿ ಎಚ್-4 ವೀಸಾದ ಮೇಲೆ, ಅಂದರೆ ಕೆಲಸಕ್ಕೆ ಬಂದ ಯಜಮಾನರ ಅವಲಂಬಿತಳಾಗಿ ಬಂದಾಗ ಇಲ್ಲಿ ಯಾರೂ ಗೊತ್ತಿರಲಿಲ್ಲ. ಮರುವರ್ಷ ಮಗಳು ಹುಟ್ಟಿದಾಗ ಅಮ್ಮನಿಗೆ ವೀಸಾ ಸಿಗಲಿಲ್ಲ. ಮೂರು ಮನೆ ಆಚೆಗಿದ್ದ ಶಿವಮೊಗ್ಗ ಕಡೆಯ ಅಕ್ಕ ಒಬ್ಬರು ಬಂದು ಬಾಣಂತನ ಮಾಡಿದರು. ಆಮೇಲೆ ಕೈಗೆ ರಾಕೆಟ್ ಕೊಟ್ಟು ಟೆನಿಸ್ ಕಲಿಸಿದವರೂ ಅವರೇ. ನಮ್ಮ ಸಬ್‌ಡಿವಿಷನ್ನಿನ ಹೆಂಗಸರನ್ನು ಕೂಡಿಸಿ ಆಲ್ಟಾ ಲೀಗಿಗೆ ಟೀಮ್ ಕಟ್ಟಿ, ಎಂಟು ವರ್ಷ ಕ್ಯಾಪ್ಟನ್ ಆಗಿದ್ದರು. ಈಗ ಕ್ಯಾಪ್ಟನ್ ನಾನು. ಅಕ್ಕನಿಗೆ 61, ಮಂಡಿನೋವು ಬೇರೆ. ಈ ಸೀಸನ್ ಆಡಿದ ನಾಲ್ಕರಲ್ಲಿ ಮೂರು ಸೋತರು. ಟೀಮ್ ಮೊದಲ ಸಲ ಪ್ಲೇಆಫ್ ತಲುಪಿದೆ. ಅಕ್ಕನನ್ನು ಆಡಿಸಬೇಡ ಅಂತ ಎಲ್ಲರೂ ಹೇಳುತ್ತಿದ್ದಾರೆ. ಕಳೆದ ಎರಡು ವಾರ ‘ಮಂಡಿಗೆ ರೆಸ್ಟ್ ಕೊಡಿ’, ‘ಹೊಸಬರಿಗೂ ಚಾನ್ಸ್ ಕೊಡಬೇಕಲ್ಲ’ ಎಂದು ಏನೇನೋ ಹೇಳಿ ಕೂರಿಸಿದೆ. ಅವರು ಪುಳಿಯೋಗರೆ ಮಾಡಿಕೊಂಡು ಬಂದು, ಮಡಚುವ ಕುರ್ಚಿ ಹಾಕಿಕೊಂಡು ಕೂತು ಚಪ್ಪಾಳೆ ತಟ್ಟಿದರು. ನನಗೆ ಚಾಟಿಯಲ್ಲಿ ಹೊಡೆದ ಹಾಗಾಯಿತು. ಟೀಮಿನ ಒಬ್ಬಾಕೆ, ಅಕ್ಕನನ್ನು ಒಂದನೇ ಲೈನಿಗೆ ಹಾಕು, ಮರ್ಯಾದೆಯೂ ಆಯಿತು, ಉಳಿದ ನಾಲ್ಕು ನಾವು ಗೆಲ್ಲುತ್ತೇವೆ ಅನ್ನುತ್ತಾಳೆ. ನನ್ನ ಯಜಮಾನರು, ಬೋಪಣ್ಣ 43ಕ್ಕೆ ಗೆಲ್ಲಲಿಲ್ಲವಾ, ಆಡಿಸು ಸುಮ್ಮನೆ ಅನ್ನುತ್ತಾರೆ. ಅವರ ಪುಳಿಯೋಗರೆ ಪಾತ್ರೆ ಇನ್ನೂ ನಮ್ಮ ಮನೆಯಲ್ಲೇ ಇದೆ, ಕೊಡಲು ಹೋಗುವ ಧೈರ್ಯವಿಲ್ಲ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಯಜಮಾನರ ಬೋಪಣ್ಣನನ್ನು ಬದಿಗಿಡೋಣ. ಕೊಡಗಿನ ಹುಡುಗ 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು, 43ನೇ ವಯಸ್ಸಿಗೆ ಡಬಲ್ಸ್‌ನಲ್ಲಿ ಜಗತ್ತಿಗೇ ಒಂದನೇ ನಂಬರ್ ಆದದ್ದು ನಮಗೆಲ್ಲ ಹಬ್ಬ. ಮಾರ್ಟಿನಾ ನವ್ರಾಟಿಲೋವಾ 2006ರಲ್ಲಿ 50 ತುಂಬಲು ತಿಂಗಳಿದ್ದಾಗ ಯು.ಎಸ್. ಓಪನ್ ಮಿಕ್ಸೆಡ್ ಡಬಲ್ಸ್ ಗೆದ್ದರು. ಆದರೆ ಅವರಿಬ್ಬರ ಹೊಟ್ಟೆಪಾಡೇ ಟೆನಿಸ್ ಆಗಿತ್ತು. ಮಂಡಿಯ ಕಾರ್ಟಿಲೇಜ್ ಸವೆದಾಗ ಬೋಪಣ್ಣ ಅಯ್ಯಂಗಾರ್ ಯೋಗ ಹಿಡಿದು ಸುಧಾರಿಸಿಕೊಂಡರು, ಅದನ್ನು ಅವರೇ ಹೇಳಿದ್ದಾರೆ. ನಿಮ್ಮ ಅಕ್ಕ ಮಂಡಿಗೆ ಪಟ್ಟಿ ಸುತ್ತಿಕೊಂಡು ಬೆಳಿಗ್ಗೆ ಮನೆಮಂದಿಗೆಲ್ಲ ತಿಂಡಿ ಮಾಡಿಟ್ಟು ಕೋರ್ಟಿಗೆ ಬರುವವರು. ಆ ಹೋಲಿಕೆಯಿಂದ ಅವರಿಗೂ ಲಾಭವಿಲ್ಲ, ನಿಮಗೂ ಇಲ್ಲ.

ಇದನ್ನು ಓದುತ್ತಿರುವ ಊರಿನ ಓದುಗರಿಗಾಗಿ ಎರಡು ಮಾತು. ಆಲ್ಟಾ ಅಂದರೆ ಅಟ್ಲಾಂಟಾ ಲಾನ್ ಟೆನಿಸ್ ಅಸೋಸಿಯೇಷನ್, 1934ರಲ್ಲಿ ಶುರುವಾದದ್ದು. ಆ ಕಡೆಯ ಬಡಾವಣೆಗಳಲ್ಲಿ ಈಜುಕೊಳ, ಟೆನಿಸ್ ಕೋರ್ಟು ಇರುವುದು ನಮ್ಮ ಬಡಾವಣೆಗಳಲ್ಲಿ ಗಣೇಶನ ಗುಡಿ ಇದ್ದಷ್ಟೇ ಸಹಜ. ಬಡಾವಣೆಗೊಂದು ಟೀಮ್, ಎ, ಬಿ, ಸಿ ಅಂತ ಮಟ್ಟಗಳು. ಹೆಂಗಸರ ಪಂದ್ಯದಲ್ಲಿ ಸಿಂಗಲ್ಸ್ ಇಲ್ಲ, ಬರೀ ಡಬಲ್ಸ್, ಐದು ಜೋಡಿ. ಒಂದೊಂದು ಜೋಡಿಯ ಆಟಕ್ಕೆ ಒಂದೊಂದು ‘ಲೈನ್’ ಅನ್ನುತ್ತಾರೆ, ಒಂದನೆಯದು ಅತಿ ಗಟ್ಟಿ ಜೋಡಿಗೆ, ಐದನೆಯದು ಕೊನೆಯದು. ಯಾರ ಕೋರ್ಟಿನಲ್ಲಿ ಆಟವೋ ಅವರು ಬಂದವರಿಗೆ ಊಟ ಹಾಕಬೇಕು, ಅದು ಬರೆಯದ ಕಾನೂನು. ವಿಭಾಗ ಗೆದ್ದರೆ ರಾಕೆಟ್ ಬ್ಯಾಗಿಗೆ ತೂಗುಹಾಕಿಕೊಳ್ಳಲು ಅಂಗೈಗಿಂತ ಚಿಕ್ಕದೊಂದು ಟ್ಯಾಗ್ ಕೊಡುತ್ತಾರೆ. ಆ ಟ್ಯಾಗಿಗಾಗಿ ಹತ್ತು ವರ್ಷದ ಸ್ನೇಹ ಮುರಿದುಕೊಂಡವರಿದ್ದಾರೆ ಅಂದರೆ ನೀವು ನಗಬಹುದು. ಸತ್ಯನಾರಾಯಣ ಪೂಜೆಯಲ್ಲಿ ಮೊದಲ ಮಂಗಳಾರತಿ ಯಾರಿಗೆ ಅಂತ ಮಾತು ಬಿಟ್ಟವರು ನಮ್ಮಲ್ಲಿಲ್ಲವೇ?

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ಅದನ್ನು ಮೂರು ಸಲ ಓದಿದೆ. ‘ಎಲ್ಲರೂ’ ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ, ಪತ್ರದಲ್ಲಿ ಕಾಣುವುದು ಒಬ್ಬಾಕೆ ಮಾತ್ರ. ಇನ್ನೊಬ್ಬರು ಯಾರು ಅಂತ ಹುಡುಕಿದೆ, ನೀವೇ ಸಿಕ್ಕಿದಿರಿ. ನಿಮಗೆ ಗೆಲ್ಲಬೇಕು. ಹದಿನೈದು ವರ್ಷದ ಹಿಂದೆ ಕೆಲಸ ಮಾಡಲು ಅನುಮತಿಯಿಲ್ಲದೆ, ಕಿಟಕಿಯಿಂದ ಖಾಲಿ ರಸ್ತೆ ನೋಡುತ್ತಾ ಕೂತಿದ್ದ ಹೆಂಗಸು ಇವತ್ತು ಒಂದು ಟೀಮನ್ನು ಪ್ಲೇಆಫ್‌ಗೆ ಒಯ್ದಿದ್ದಾಳೆ. ಆ ಟ್ಯಾಗು ತನಗೆ ಬೇಕು ಅಂತ ಆಕೆಗೆ ಅನ್ನಿಸಿದರೆ ಅದರಲ್ಲಿ ನಾಚಿಕೆಪಡುವಂಥದ್ದೇನಿದೆ? ನಾಚಿಕೆಯಿಂದ ಅದನ್ನು ‘ಎಲ್ಲರ’ ತಲೆಗೆ ಕಟ್ಟಿದಿರಿ, ಅಷ್ಟೇ.

ನಿಮ್ಮನ್ನು ಕೊರೆಯುತ್ತಿರುವುದು ಬಾಣಂತನದ ಋಣ. ಎಣ್ಣೆನೀರು ಹಾಕಿದ ಕೈ, ಮೆಣಸಿನ ಸಾರು ಬಡಿಸಿದ ಕೈ, ಆ ಕೈಯಲ್ಲಿರುವ ರಾಕೆಟನ್ನು ಹೇಗೆ ಕೆಳಗಿಡಿಸಲಿ ಅಂತ. ನಾನು ಕೇಳುವುದಿಷ್ಟು: ಅಕ್ಕನನ್ನು ಎಲ್ಲ ಪಂದ್ಯದಲ್ಲೂ ಆಡಿಸಿದರೆ ಆ ಋಣ ತೀರುತ್ತದೆಯೇ? ಐದನೇ ಲೈನಿನಲ್ಲಿ ಒಂದು ಜಾಗ ಕೊಟ್ಟು ಬಾಣಂತನಕ್ಕೆ ಸಮ ಮಾಡಿದೆ ಅಂದುಕೊಂಡರೆ ಬಾಣಂತನದ ಬೆಲೆ ಇಳಿಸಿದ್ದು ನೀವೇ. ಅದು ಬೇರೆ ಖಾತೆ. ಇದು ಲೈನ್‌ಅಪ್, ಆವತ್ತು ಆಡುವವರ ಪಟ್ಟಿ.

ಟೀಮಿನಲ್ಲಿ 14 ಜನ ಅಂದುಕೊಳ್ಳಿ. ಐದು ಜೋಡಿಗೆ ಬೇಕಾದದ್ದು ಹತ್ತು ಜನ. ಪ್ರತಿ ವಾರ ನಾಲ್ವರು ಕೂರಲೇಬೇಕು. ಉಳಿದ ಮೂವರಿಗೆ ನೀವು ಹೇಗೆ ಹೇಳಿರುತ್ತೀರಿ? ಗ್ರೂಪಿನಲ್ಲಿ ಪಟ್ಟಿ ಹಾಕಿರುತ್ತೀರಿ, ಅವರು ಹೆಬ್ಬೆರಳು ಎತ್ತಿರುತ್ತಾರೆ, ಮುಗಿಯಿತು. ಅಕ್ಕನಿಗೆ ಮಾತ್ರ ಒಂದು ಕಥೆ ಕಟ್ಟಿದಿರಿ. ಅಲ್ಲಿಯವರೆಗೆ ಅವರು ಆ ವಾರ ಕೂತ ನಾಲ್ವರಲ್ಲಿ ಒಬ್ಬರು. ನಿಮ್ಮ ಕಥೆಯಿಂದ ಅವರು ‘ಪಾಪದವರು’ ಆದರು. ಎಂಟು ವರ್ಷ ಇದೇ ಪಟ್ಟಿ ಬರೆದವರು, ಮಂಡಿಯ ಮಾತು ಎಲ್ಲಿಂದ ಬಂತು ಅಂತ ತಿಳಿಯದಷ್ಟು ದಡ್ಡರಲ್ಲ. ಮಂಡಿ ಅವರದು. ಅದು ಆಡಬಲ್ಲದೋ ಇಲ್ಲವೋ ಅವರು ಹೇಳಬೇಕು, ಇಲ್ಲವೇ ಅವರ ಡಾಕ್ಟರು.

ಇನ್ನು ಪುಳಿಯೋಗರೆ. ಅವರಾಗಿಯೇ ತಂದರೋ, ‘ಅಕ್ಕ, ನಿಮ್ಮ ಪುಳಿಯೋಗರೆ ಇಲ್ಲದಿದ್ದರೆ ಹೇಗೆ’ ಅಂತ ನೀವೇ ಕೇಳಿದಿರೋ ನೀವು ಬರೆದಿಲ್ಲ. ಕೇಳಿದ್ದೀರಿ ಅಂತ ನನ್ನ ಅನುಮಾನ. ಆಟಕ್ಕೆ ಬೇಡ, ಊಟಕ್ಕೆ ಬೇಕು. ಇದು ಯಾರಿಗಾದರೂ ಚುಚ್ಚುತ್ತದೆ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಬೆಂಗಳೂರಿನ ಒಂದು ಕ್ಲಬ್ಬಿನಲ್ಲಿ ನಾನೂ ಡಬಲ್ಸ್ ಆಡುತ್ತಿದ್ದೆ. 52ರ ಹೊತ್ತಿಗೆ ನನ್ನ ಸರ್ವ್ ಎದುರಾಳಿಗೆ ತಾಂಬೂಲ ಕೊಟ್ಟ ಹಾಗೆ ಹೋಗುತ್ತಿತ್ತು, ಅದು ನನಗೂ ಗೊತ್ತಿತ್ತು. ಅಂತರ್ ಕ್ಲಬ್ ಪಂದ್ಯದ ಪಟ್ಟಿಯಲ್ಲಿ ನನ್ನ ಹೆಸರಿಲ್ಲ ಅನ್ನುವುದನ್ನು ನೋಟೀಸ್ ಬೋರ್ಡ್ ನೋಡಿ ತಿಳಿದುಕೊಂಡೆ. ಅದೂ ಸಹಿಸಿದೆ. ಆದರೆ ಪಟ್ಟಿ ಬರೆದ ಹುಡುಗಿ ಪಾರ್ಕಿಂಗಿನಲ್ಲಿ ನನ್ನನ್ನು ಕಂಡವಳೇ ಬಗ್ಗಿ ಬ್ಯಾಗಿನಲ್ಲಿ ಏನೋ ಹುಡುಕತೊಡಗಿದಳು. ಬ್ಯಾಗಿನಲ್ಲಿ ಏನೂ ಇರಲಿಲ್ಲ. ನಾನು ಹೋಗುವವರೆಗೂ ಹುಡುಕಿದಳು. ಇಷ್ಟು ವರ್ಷದ ಮೇಲೂ ನೆನಪಿರುವುದು ಆ ಬಗ್ಗಿದ ಬೆನ್ನು.

ಒಂದನೇ ಲೈನಿನ ಉಪಾಯ ಬೇಡವೇ ಬೇಡ. ಎದುರಿನ ಅತಿ ಗಟ್ಟಿ ಜೋಡಿಯ ಮುಂದೆ ನಮ್ಮ ಮೆತ್ತಗಿನವರನ್ನು ನಿಲ್ಲಿಸಿ, ಉಳಿದ ಲೈನ್ ಬಾಚಿಕೊಳ್ಳುವುದು ಹಳೇ ಲೆಕ್ಕ. ಲೀಗಿನ ನಿಯಮ ಏನನ್ನುತ್ತದೆ ಅನ್ನುವುದು ಆಮೇಲಿನ ಮಾತು. ಹಾರ ಹಾಕಿ ಬಲಿ ಕೊಡುವುದಕ್ಕೆ ಮರ್ಯಾದೆ ಅಂತ ಹೆಸರಿಡಬೇಡಿ. ಎರಡನೇ ಗೇಮ್ ಮುಗಿಯುವ ಮೊದಲೇ ಅಕ್ಕನಿಗೆ ಅರ್ಥವಾಗುತ್ತದೆ. ಯಾರಿಗೆ ಗೊತ್ತು, ತಮ್ಮ ಕಾಲದಲ್ಲಿ ಅವರೂ ಯಾರನ್ನೋ ಹಾಗೆ ನಿಲ್ಲಿಸಿರಬಹುದು.

ಆದರೆ ನಿರ್ಧಾರಕ್ಕೆ ಮುಂಚೆ ಒಂದು ಕೆಲಸ ಮಾಡಿ. ‘ನಾಲ್ಕರಲ್ಲಿ ಮೂರು ಸೋತರು’ ಎಂದಿದ್ದೀರಿ. ಡಬಲ್ಸ್‌ನಲ್ಲಿ ಒಬ್ಬರೇ ಸೋಲುವುದಿಲ್ಲ. ಪಾರ್ಟ್‌ನರ್ ಯಾರಿದ್ದರು? ಸ್ಕೋರ್ ಏನಿತ್ತು? 1-6, 1-6 ಸೋಲೇ ಬೇರೆ, 6-7, 4-6 ಸೋಲೇ ಬೇರೆ. ಓಡಲಾಗದ ಅಕ್ಕನ ಜೊತೆಗೆ ನೆಟ್ಟಿಗೆ ಬರಲು ಹೆದರುವವಳನ್ನು ಹಾಕಿದ್ದರೆ ಇಬ್ಬರೂ ಹಿಂದೆ ನಿಂತಿರುತ್ತಾರೆ, ಎದುರಿನವರು ನೆಟ್ಟಿನ ಹಿಂದೆಯೇ ಚೆಂಡು ಕೆಡವಿ ಮುಗಿಸಿರುತ್ತಾರೆ. ಅದೇ, ಮುಂದೆ ನುಗ್ಗುವ ಚುರುಕಿನ ಹುಡುಗಿಯೊಬ್ಬಳನ್ನು ಜೊತೆಗೆ ಹಾಕಿ, ಅಕ್ಕ ಹಿಂದಿನಿಂದ ಎತ್ತರದ ಲಾಬ್ ಎತ್ತುತ್ತಾ ನಿಂತರೆ ಚಿತ್ರವೇ ಬೇರೆ. ಏಪ್ರಿಲ್‌ನಲ್ಲಿ ಪೈನ್ ಮರದ ಹಳದಿ ಪುಡಿ ಕೋರ್ಟಿನ ಮೇಲೆಲ್ಲ ಅರಿಸಿನ ಚೆಲ್ಲಿದ ಹಾಗೆ ಬಿದ್ದು, ಎಲ್ಲರೂ ಸೀನುತ್ತಾ ಕಣ್ಣುಜ್ಜುತ್ತಾ ಆಡುವಾಗ, ಆಕಾಶಕ್ಕೆ ಹೋಗುವ ನಿಧಾನದ ಲಾಬ್‌ನಷ್ಟು ಕಾಡುವ ಹೊಡೆತ ಇನ್ನೊಂದಿಲ್ಲ. ಈ ಮಟ್ಟದ ಆಟದಲ್ಲಿ 60 ದಾಟಿದವರು 30ರ ಹುಡುಗಿಯರನ್ನು ಅಳಿಸುವುದು ಹೀಗೇ. ಸ್ಕೋರ್ ಕಾರ್ಡ್ ತೆಗೆದು ನೋಡಿ, ಹೆಸರು ಮುಚ್ಚಿಕೊಂಡು ನೋಡಿ.

ಹಾಗೆ ನೋಡಿದ ಮೇಲೂ ಅಕ್ಕ ಹತ್ತರೊಳಗೆ ಬರದಿದ್ದರೆ ಆಡಿಸಬೇಡಿ. ಕ್ಯಾಪ್ಟನ್ ಆದದ್ದು ಅದಕ್ಕೇ. ಬರೀ ಚೆಂಡಿನ ಡಬ್ಬಿ ತರಲು, ಯಾರು ಬರುತ್ತಾರೆ ಯಾರು ಬರುವುದಿಲ್ಲ ಅಂತ ಬುಧವಾರದಿಂದ ಮೆಸೇಜು ಮಾಡಲು ಕ್ಯಾಪ್ಟನ್ ಬೇಕಿಲ್ಲ.

ಆದರೆ ಪಟ್ಟಿ ಗ್ರೂಪಿಗೆ ಹೋಗುವ ಮೊದಲು ನೀವು ಅವರ ಮನೆಗೆ ಹೋಗಿ. ಫೋನಿನಲ್ಲಿ ಬೇಡ. ಒಬ್ಬರೇ ಹೋಗಿ, ಯಜಮಾನರನ್ನೂ ಮಗಳನ್ನೂ ಗುರಾಣಿಯ ಹಾಗೆ ಹಿಡಿದುಕೊಂಡು ಹೋಗಬೇಡಿ. ಕೂತ ಕೂಡಲೇ ಹೇಳಿ: ‘ಅಕ್ಕ, ಪ್ಲೇಆಫ್‌ಗೆ ನಿಮ್ಮನ್ನ ಹಾಕ್ತಾ ಇಲ್ಲ. ಇದು ನನ್ನ ನಿರ್ಧಾರ. ಹೋದ ಎರಡು ವಾರ ನಿಮಗೆ ನೆಪ ಹೇಳ್ದೆ, ಅದು ತಪ್ಪಾಯ್ತು.’ ಇಷ್ಟೇ. ಅಳಬೇಡಿ. ನೀವು ಅತ್ತರೆ ಅವರು ತಮ್ಮ ಬೇಜಾರು ಬಿಟ್ಟು ನಿಮ್ಮನ್ನು ಸಮಾಧಾನ ಮಾಡುತ್ತಾರೆ, ಮತ್ತೊಂದು ಬಾಣಂತನ ಮಾಡಿಸಿಕೊಂಡ ಹಾಗಾಗುತ್ತದೆ. ‘ನೀವು ನಮ್ಮ ಕೋಚ್ ಆಗಿ’, ‘ನೀವು ಟೀಮಿನ ತಾಯಿ ಇದ್ದ ಹಾಗೆ’ ಅಂತ ಬಿರುದು ಕೊಡಬೇಡಿ. ಅಮೆರಿಕದ ಟೆನಿಸ್ ಸಂಸ್ಥೆ ಯು.ಎಸ್.ಟಿ.ಎ.ಯವರ 55 ದಾಟಿದವರ ಲೀಗ್ ಇದೆ, ಅದರಲ್ಲೂ ಬರೀ ಡಬಲ್ಸೇ. ಅವರಿಗೆ ಒಪ್ಪಬಹುದು, ಆದರೆ ಆವತ್ತು ಅದರ ಸುದ್ದಿ ಎತ್ತಬೇಡಿ. ಗೇಟಿನಿಂದಾಚೆ ಕಳಿಸುತ್ತಾ ಮುಂದಿನ ಬಸ್ಸಿನ ವೇಳೆ ಹೇಳಿದ ಹಾಗಿರುತ್ತದೆ. ಅವರೇ ಕೇಳಿದರೆ ಹೇಳಿ.

ಅವರು ಸಿಟ್ಟಾಗಬಹುದು. ‘ಟೀಮ್ ಕಟ್ಟಿದ್ದು ಯಾರು’ ಅನ್ನಬಹುದು. ಅನ್ನಲಿ, ನಿಜ ತಾನೇ? ‘ನೀವೇ ಅಕ್ಕ’ ಅಂದು ಸುಮ್ಮನಿರಿ. ಕೆಲವು ತಿಂಗಳು ಮಾತು ಕಮ್ಮಿಯಾಗಬಹುದು, ಯುಗಾದಿಗೆ ಒಬ್ಬಟ್ಟು ಬರದೇ ಇರಬಹುದು. ಅದನ್ನು ನೀವು ತಡೆದುಕೊಳ್ಳಬೇಕು. ಅವರಿಗೂ ನೋವಾಗಬಾರದು, ನನಗೂ ಟ್ಯಾಗ್ ಬೇಕು ಅಂದರೆ ಅಂಥ ದಾರಿ ನನಗೆ ಗೊತ್ತಿಲ್ಲ.

ಮುಂದಿನ ಸೀಸನ್ನಿಗೆ, ಹೆಸರು ಕೊಡುವ ದಿನವೇ ಎಲ್ಲರಿಗೂ ಹೇಳಿಬಿಡಿ: ಮಾಮೂಲಿ ಪಂದ್ಯಗಳಲ್ಲಿ ಪ್ರತಿಯೊಬ್ಬರಿಗೂ ಇಷ್ಟು ಆಟ ಖಾಯಂ, ಪ್ಲೇಆಫ್‌ನಲ್ಲಿ ಆವತ್ತಿಗೆ ಯಾರು ಗಟ್ಟಿಯೋ ಅವರು. ನಿಮಗೂ ಅದೇ ಅಳತೆ. ಕ್ಯಾಪ್ಟನ್ನೇ ಬೆಂಚಿನಲ್ಲಿ ಕೂತ ಟೀಮಿನಲ್ಲಿ ಉಳಿದವರು ಕೂರಲು ಅಷ್ಟು ಬೇಸರಪಡುವುದಿಲ್ಲ, ಒಂದು ಸಲ ಕೂತು ನೋಡಿ.

ಮತ್ತೆ, ಆ ಪಾತ್ರೆ. ಹೋಗುವಾಗ ತೆಗೆದುಕೊಂಡು ಹೋಗಿ. ಖಾಲಿ ಕೊಡಬಾರದು ಅಂತ ನಿಮಗೆ ನಾನು ಹೇಳಬೇಕಿಲ್ಲ, ಒಂದು ಹಿಡಿ ಸಕ್ಕರೆ ಹಾಕಿ. ಆದರೆ ಮಾತು ಮುಗಿಯುವವರೆಗೆ ಅದು ಚೀಲದಲ್ಲೇ ಇರಲಿ. ಬಾಗಿಲಲ್ಲೇ ಕೊಟ್ಟರೆ ಅಕ್ಕ ಅದನ್ನು ಒಳಗಿಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಕಾಫಿಗೆ ಇಡುತ್ತಾರೆ, ನೀವು ಕಾಫಿ ಕುಡಿದು, ಏನೂ ಹೇಳದೆ ಮನೆಗೆ ಬರುತ್ತೀರಿ.